ಹಿಮ್ಮಡಿ ನೆಲಕ್ಕೆ ತಾಗಿದ ಕಥೆ

ಲಕ್ವ ಹೊಡೆದು ಕಾಲು ಸೆಟೆದುಕೊಂಡೋರಿಗೆ ಆಪರೇಷನ್ ಮಾಡ್ತಾರಂತೆ ಹೌದಾ ಅಂತ ನನ್ನ ಹತ್ರ ಈಗೀಗ ಸುಮಾರು ಜನ ಕೇಳ್ತಾರೆ. ಮೊನ್ನೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಒಬ್ಬರು ಅಜ್ಜ ಬಗ್ಗಿ ನನ್ನ ಕಾಲನ್ನೇ ನೋಡಿ "ನಮ್ಮ ಮಗಂದೂ ಹಿಂಗೇ ಆಗಿತ್ತಲ್ಲ, ನಿಂದು ಹೆಂಗೆ ನೆಟ್ಟಗಾಯ್ತು" ಅಂತ ಕೇಳಿದ್ರು, ಅಷ್ಟರಲ್ಲಿ ಅವರ ಬಸ್ಸು ಬಂತು, ಅರ್ಧ ಹೇಳಿದ್ದು ಅರ್ಧಕ್ಕೇ ಹೋಯ್ತು. ಹಂಗಾಗಿ ಪೂರ್ತಿ ಇಲ್ಲಿ ಬರೀತಿದೀನಿ. ಬಲಗೈ ಒಂದರಲ್ಲೇ ಟೈಪ್ ಮಾಡೋದು, ಅರ್ಧ ಬಾಯಲ್ಲಿ ಹೇಳಿ ಮೊಬೈಲ್ ಕೈಲೇ ಬರೆಸಿದ್ದು, ತಪ್ಪಿದ್ರೆ ಸುಧಾರಿಸ್ಕೊಳ್ಳಿ.

ನಾನು ಟೈಲರ್. 2018ರ ಜೂನ್, ಮಳೆ ಹಿಡಿದ ವಾರ, ಶಾಲೆ ಯೂನಿಫಾರಂ ರಾಶಿ ಬಿದ್ದಿತ್ತು, ಬಿಪಿ ಮಾತ್ರೆ ಮುಗಿದು ತಿಂಗಳಾಗಿತ್ತು, ನಾಳೆ ತಂದ್ರಾಯ್ತು ಅಂತ ದೂಡ್ತಾ ಇದ್ದೆ. ರಾತ್ರಿ ಗುಂಡಿ ಹಚ್ತಾ ಕೂತೋಳಿಗೆ ಎಡಗೈಲಿದ್ದ ಬಟ್ಟೆ ಜಾರಿ ಬಿತ್ತು, ಎತ್ತಿಕೊಳ್ಳೋಕೆ ಹೋದ್ರೆ ನಾನೇ ಬಿದ್ದೆ. ಕರೆಂಟಿಲ್ಲ, ಗಾಳಿಗೆ ಮರ ಬಿದ್ದು ದಾರಿ ಬಂದಾಗಿತ್ತು, ಶಿವಮೊಗ್ಗ ಮುಟ್ಟಿದಾಗ ಮಾರನೇ ದಿನ ಹತ್ತು ಗಂಟೆ. ಲಕ್ವ ಅಂದ್ರು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆಯಂತೆ, ಆದ್ರೆ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕಂತೆ. ಆಗ ನನಗೆ 38 ವರ್ಷ.

ಮೊದಲ ಎರಡು ತಿಂಗಳು ಎಡಗಾಲು ನೆನೆದ ಗೋಣಿಚೀಲದ ಹಾಗೆ ಬಿದ್ಕೊಂಡಿರೋದು. ಆಮೇಲೆ ನಿಧಾನ ಬಿಗಿಯಾಗ್ತಾ ಬಂತು. ಬಿಗಿ ಬಂದಾಗ ಮನೇಲಿ ಎಲ್ಲರಿಗೂ ಖುಷಿಯೋ ಖುಷಿ, ಶಕ್ತಿ ಬರ್ತಾ ಇದೆ ಅಂತ, ನನಗೂ. ಹಿಡ್ಕೊಂಡು ನಿಲ್ಲೋಕೂ ಆಯ್ತಲ್ಲ. ಆದ್ರೆ ಅದು ಶಕ್ತಿ ಅಲ್ಲ ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಮೆದುಳಿಂದ ಬರೋ "ಸಾಕು, ಬಿಡು" ಅನ್ನೋ ಮಾತು ಕಾಲಿಗೆ ತಲುಪಲ್ಲ, ಬೆನ್ನುಹುರಿ ತನ್ನ ಪಾಡಿಗೆ ಎಳಿ ಎಳಿ ಅಂತಾನೇ ಇರ್ತದೆ. ಅದಕ್ಕೆ ಸ್ಪಾಸ್ಟಿಸಿಟಿ ಅಂತಾರೆ. ಮೀನಖಂಡ ಗಟ್ಟಿಯಾಗಿ ಹಿಮ್ಮಡಿ ಮೇಲಕ್ಕೆ ಹೋಯ್ತು, ಪಾದ ಒಳಗಡೆಗೆ ತಿರುಚ್ತು, ಬೆರಳು ಐದೂ ಒಳಕ್ಕೆ ಮಡಚಿ ನೆಲ ಗೀರೋದು. ಪಾದದ ಹೊರಗಿನ ಅಂಚಿನ ಮೇಲೆ ನಡೀತಿದ್ದೆ. ಹವಾಯಿ ಚಪ್ಪಲಿ ಎಡಗಾಲಲ್ಲಿ ನಿಲ್ತಾನೇ ಇರಲಿಲ್ಲ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ತಂದ್ರೆ ಎರಡು ತಿಂಗಳಿಗೆ ಹೊರಗಿನ ಅಂಚು ಸವೆದು ತೂತು.

ಇನ್ನೊಂದು ಕಾಟ. ಕುರ್ಚಿಲಿ ಕೂತು ಪಾದದ ಮುಂಭಾಗ ನೆಲಕ್ಕೆ ತಾಗಿದ್ರೆ ಸಾಕು ಕಾಲು ತಾನೇ ಟಕಟಕಟಕ ಕುಣಿಯೋಕೆ ಶುರು, ಥೇಟ್ ತುಳಿಯೋ ಮಷಿನ್ ತುಳಿದ ಹಾಗೆ. ಇಪ್ಪತ್ತು ವರ್ಷ ತುಳಿದ ಕಾಲಲ್ವಾ, ಅಭ್ಯಾಸ ಬಿಟ್ಟಿಲ್ಲ ಅಂತ ನಾನೇ ನಗ್ತಿದ್ದೆ. ಮಂಡಿ ಮೇಲೆ ಕೈ ಇಟ್ಟು ಒತ್ತಿ ಹಿಮ್ಮಡಿ ಕೆಳಗೆ ತಳ್ಳಿದ್ರೆ ನಿಲ್ಲೋದು. ಕ್ಲೋನಸ್ ಅಂತ ಹೆಸರಂತೆ ಅದಕ್ಕೆ. ನಮ್ಮತ್ತೆಗೆ ಇದೆಲ್ಲ ಎಲ್ಲಿ ಗೊತ್ತು, "ಕಾಲು ಕುಣಿಸಬೇಡ ಮಾರಾಯ್ತಿ, ಮನೆಗೆ ದರಿದ್ರ" ಅಂತ ದಿನಾ ಬೈಯೋರು. ಬೇಕಂತ ಕುಣಿಸ್ತಿಲ್ಲ ಅತ್ತೆ ಅಂತ ಎಷ್ಟು ಸಲ ಹೇಳಿದ್ರೂ ಅಷ್ಟೇ.

ಎಣ್ಣೆ ತಿಕ್ಕಿಸಿದ್ದು, ನಾಟಿ ಔಷಧಿ, ಹರಕೆ ಎಲ್ಲ ಆಯ್ತು, ಅದನ್ನ ಬಿಡ್ತೀನಿ. ಮಾತ್ರೆ ಬಗ್ಗೆ ಮಾತ್ರ ಹೇಳಲೇಬೇಕು. ಬ್ಯಾಕ್ಲೊಫೆನ್ ಅಂತ, 10 ಮಿಲಿಗ್ರಾಂ ಮೂರು ಹೊತ್ತು ಅಂತ ಶುರು ಮಾಡಿ ಮೆಲ್ಲಗೆ ಏರಿಸಿದ್ರು. ಬಿಗಿ ಸ್ವಲ್ಪ ಕಮ್ಮಿ ಆಯ್ತು, ಆದ್ರೆ ಬಿಗಿ ಜೊತೆ ನಾನೂ ಮಂಕಾದೆ, ಮಧ್ಯಾಹ್ನ ಊಟ ಮಾಡ್ತಾ ಮಾಡ್ತಾ ತೂಕಡಿಸೋದು, ಬಲಗಾಲೂ ಬಲ ಇಲ್ಲದ ಹಾಗೆ. ಯಾಕಂದ್ರೆ ಮಾತ್ರೆಗೆ ಎಡ ಬಲ ಗೊತ್ತಿಲ್ಲ, ಇಡೀ ಮೈಗೆ ಹೋಗ್ತದೆ. 2019ರ ಮಳೆಗಾಲದಲ್ಲಿ ಮಾತ್ರೆ ಖಾಲಿ ಆಯ್ತು, ಹಳ್ಳ ಬಂದು ಸಂಕ (ಹಳ್ಳ ದಾಟೋ ಕಾಲುಸೇತುವೆ) ಮುಳುಗಿತ್ತು, ಮೂರು ದಿನ ತಗೊಳ್ಳಲಿಲ್ಲ. ಮೂರನೇ ದಿನ ಕಾಲು ಕಬ್ಬಿಣ, ಎದೆ ಡವಡವ, ರಾತ್ರಿ ಗೋಡೆ ತುಂಬ ಇರುವೆ ಸಾಲು ಹರೀತಾ ಇದೆ ಅಂತ ನಾನು ಕಿರುಚಿದ್ನಂತೆ. ಇರುವೆ ಒಂದೂ ಇರಲಿಲ್ಲ. ಆ ಮಾತ್ರೆನ ಧಿಡೀರ್ ಅಂತ ನಿಲ್ಲಿಸಬಾರದು, ಫಿಟ್ಸ್ ಕೂಡ ಬರಬಹುದು ಅಂತ ಡಾಕ್ಟ್ರು ಆಮೇಲೆ ಬೈದು ಹೇಳಿದ್ರು. ನೀವು ಯಾರಾದ್ರೂ ತಗೊಳ್ತಿದ್ರೆ ಹದಿನೈದು ದಿನದ್ದು ಜಾಸ್ತಿ ತಂದು ಡಬ್ಬೀಲಿ ಹಾಕಿಡಿ, ನಮ್ಮ ಕಡೆ ಮಳೆ ಗೊತ್ತಲ್ಲ.

ಆಮೇಲೆ ಬೊಟಾಕ್ಸ್. ಸಿನಿಮಾದವರು ಮುಖಕ್ಕೆ ಚುಚ್ಚಿಸ್ಕೊಳ್ತಾರಲ್ಲ ಅದೇ, ಇಲ್ಲಿ ಮೀನಖಂಡಕ್ಕೆ. ಚುಚ್ಚಿ ಒಂದು ವಾರ ಹತ್ತು ದಿನಕ್ಕೆ ಸಡಿಲ ಆಯ್ತು, ಮೂರು ತಿಂಗಳು ಸುಖ, ನಾಲ್ಕನೇ ತಿಂಗಳಿಗೆ ಮತ್ತೆ ಮೊದಲಿನ ಹಾಗೆ. ಒಂದು ಸಲಕ್ಕೆ ಆದ ಖರ್ಚಲ್ಲಿ ಒಳ್ಳೆ ಹಾಲು ಕರೆಯೋ ಹಸು ಬರ್ತಿತ್ತು ಅಂತ ಇವರು ಲೆಕ್ಕ ಹಾಕೋರು (ಇವರು ಅಂದ್ರೆ ನಮ್ಮನೆಯವರು, ಎಲ್ಲದನ್ನೂ ಹಸು ಅಡಿಕೆ ಲೆಕ್ಕದಲ್ಲೇ ಹೇಳೋದು). ಎರಡು ಸಲ ಹಾಕಿಸಿದ್ವಿ. ಎರಡನೇ ಸಲ ಅಷ್ಟು ಹಿಡೀಲೇ ಇಲ್ಲ. ಆಮೇಲೆ ಕೊರೋನಾ ಬಂತು, ಫಿಸಿಯೋಥೆರಪಿ ನಿಂತು ಹೋಯ್ತು, ಕಾಲು ಪೂರಾ ಕೆಟ್ಟಿದ್ದು ಆ ಎರಡು ವರ್ಷದಲ್ಲೇ.

2022ರ ಆಗಸ್ಟ್‌ನಲ್ಲಿ ನಮ್ಮ ಭಾವನೋರು ಒತ್ತಾಯ ಮಾಡಿ ಘಟ್ಟದ ಕೆಳಗಿನ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಆಗುಂಬೆ ಘಾಟಿಯ 14 ಸುತ್ತಲ್ಲಿ ಒಂದೊಂದು ಸುತ್ತಿಗೂ ನನ್ನ ಕಾಲು ಸೆಟೆದು ಮುಂದಿನ ಸೀಟಿಗೆ ಒದೀತಿತ್ತು, ಪಾಪ ಭಾವ ಮುಂದೆ ಕೂತೋರು, ಏನೂ ಅನ್ನಲಿಲ್ಲ. ಅಲ್ಲಿ ಮೂಳೆ ಡಾಕ್ಟ್ರು, ಫಿಸಿಯೋದ ಹುಡುಗಿ, ಪುನಶ್ಚೇತನದ ಡಾಕ್ಟ್ರು ಅಂತ ಮೂರು ಜನ ಒಟ್ಟಿಗೆ ಕೂತು ನೋಡಿದ್ರು. ಮೊದಲು ನಡೀರಿ ಅಂದ್ರು, ಮುಂದಿಂದ ಪಕ್ಕದಿಂದ ಮೊಬೈಲಲ್ಲಿ ವಿಡಿಯೋ ತಗೊಂಡ್ರು. ಆಮೇಲೆ ಆ ಡಾಕ್ಟ್ರು ಕೇಳಿದ ಪ್ರಶ್ನೆ ನನಗೆ ಅಲ್ಲೀವರೆಗೆ ಯಾರೂ ಕೇಳಿರಲಿಲ್ಲ. "ನೋಡಮ್ಮ, ಈ ಕಾಲಲ್ಲಿ ನಿನಗೆ ಎಂತ ಮಾಡಬೇಕು ಅಂತ ಇದೆ?"

ಮೊದಲಿನ ಹಾಗೆ ನಡೀಬೇಕು ಅಂದೆ. ಅದು ಆಗಲ್ಲ, ಬೇರೆ ಹೇಳು ಅಂದ್ರು. ಮುಖಕ್ಕೆ ಹೊಡೆದ ಹಾಗೆ ಆಯ್ತು, ಅಳು ಬಂತು, ಇವರು ಕೂಡ ಸಿಟ್ಟಾಗಿ ಎದ್ದು ನಿಂತ್ರು. ಅವರು ನಿಧಾನಕ್ಕೆ ಕೂರಿಸಿ ವಿವರಿಸಿದ್ರು, ಬಿಗಿ ತೆಗೆಯೋದು ನಮ್ಮ ಕೈಲಿದೆ, ಬಲ ಕೊಡೋದು ನಮ್ಮ ಕೈಲಿಲ್ಲ, ಬಿಗಿ ಹೋದ್ರೆ ಅದರ ಕೆಳಗೆ ಎಷ್ಟು ಬಲ ಉಳಿದಿದೆಯೋ ಅಷ್ಟೇ ಕಾಣೋದು ಅಂತ. ಇನ್ನೊಂದು ಹೇಳಿದ್ರು, ಮಂಡಿ ಕೂಡ ಬಿಗಿ ಇದೆಯಲ್ಲ ಅದನ್ನೂ ಬಿಡಿಸಿ ಅಂತ ನಾನು ಕೇಳಿದ್ದಕ್ಕೆ, "ಅದನ್ನ ಮುಟ್ಟಲ್ಲ. ಆ ಬಿಗಿ ಮೇಲೇ ನೀನು ನಿಂತಿರೋದು. ಅದನ್ನ ಬಿಡಿಸಿದ್ರೆ ಕುಸಿದು ಬೀಳ್ತೀಯ." ನಾಲ್ಕು ವರ್ಷ ಬೈಕೊಂಡ ಬಿಗಿ ನನ್ನ ಊರುಗೋಲೂ ಆಗಿತ್ತು ಅಂತ ಆವತ್ತೇ ತಿಳಿದಿದ್ದು. ಕೊನೆಗೆ ಯೋಚನೆ ಮಾಡಿ ಹೇಳಿದೆ, ಹಿಮ್ಮಡಿ ನೆಲಕ್ಕೆ ತಾಗಬೇಕು, ಚಪ್ಪಲಿ ಹಾಕಬೇಕು, ಬಚ್ಚಲುಮನೇಲಿ ಬೀಳಬಾರದು. ಹಾಂ, ಇದು ಮಾಡಬಹುದು ಅಂದ್ರು.

ಮಾರನೇ ದಿನ ಒಂದು ಟೆಸ್ಟ್. ಮಂಡಿ ಹಿಂದೆ ಮಡಿಕೆ ಬರೋ ಜಾಗದಲ್ಲಿ ಮರಗಟ್ಟಿಸೋ ಇಂಜೆಕ್ಷನ್ ಕೊಟ್ರು, ಮೀನಖಂಡಕ್ಕೆ ಹೋಗೋ ನರಕ್ಕೆ. ಸಣ್ಣ ಕರೆಂಟ್ ಕೊಟ್ಟು ಪಾದ ಅಲ್ಲಾಡೋದು ನೋಡಿ ಜಾಗ ಹುಡುಕಿದ್ರು. ಕಾಲು ಗಂಟೆ ಇಪ್ಪತ್ತು ನಿಮಿಷ ಆಗಿರಬೇಕು, ಆ ಕುಣಿಯೋದು ನಿಂತಿತು, ಬೆರಳು ಬಿಟ್ಕೊಳ್ತು, ಪಾದ ಮೆತ್ತಗೆ ಹತ್ತಿಯ ಹಾಗೆ. ಡಾಕ್ಟ್ರು ಪಾದ ಹಿಡಿದು ಮೇಲಕ್ಕೆ ತಳ್ಳಿದ್ರು. ಬಂತು ಬಂತು, ಒಂದು ಕಡೆ ಬಂದು ಠಕ್ ಅಂತ ನಿಂತೇ ಬಿಡ್ತು, ಆಮೇಲೆ ಎಷ್ಟು ಒತ್ತಿದ್ರೂ ಇಲ್ಲ. "ನೋಡಿ, ಇಲ್ಲಿವರೆಗೆ ಬಂದಿದ್ದು ನರದ ಬಿಗಿ, ಅದು ಈಗ ಮಲಗಿದೆ. ಇಲ್ಲಿಂದ ಮುಂದಿಂದು ಟೆಂಡನ್ನೇ ಗಿಡ್ಡ ಆಗಿರೋದು. ಇದಕ್ಕೆ ಮಾತ್ರೆನೂ ಇಲ್ಲ ಬೊಟಾಕ್ಸೂ ಇಲ್ಲ" ಅಂದ್ರು. ಎರಡನೇ ಬೊಟಾಕ್ಸ್ ಯಾಕೆ ಹಿಡೀಲಿಲ್ಲ ಅಂತ ಆಗ ಅರ್ಥ ಆಯ್ತು. ನಮ್ಮ ಕಡೆ ಎಳೆಯೋದೆಲ್ಲ ನರಾನೇ, ನರ ಉಳುಕಿದೆ ನರ ಬಿಗಿದಿದೆ ಅಂತೀವಿ, ಆದ್ರೆ ನರ ಬೇರೆ, ಸ್ನಾಯುನ ಮೂಳೆಗೆ ಕಟ್ಟೋ ಟೆಂಡನ್ ಅನ್ನೋ ಹಗ್ಗ ಬೇರೆ. ಆಪರೇಷನ್ ಯಾವುದಕ್ಕೆ ಅನ್ನೋದು ಈ ಟೆಸ್ಟಲ್ಲೇ ಗೊತ್ತಾಗೋದು, ಇದನ್ನ ಮಾಡದೆ ನೇರ ಕೊಯ್ಯೋಣ ಅನ್ನೋರ ಹತ್ರ ನಾನಾದ್ರೆ ಹೋಗಲ್ಲ.

ಏನೇನು ದಾರಿ ಇದೆ ಅಂತ ಹೇಳಿದ್ರು. ಒಂದು ಪಂಪು. ಹೊಟ್ಟೆ ಚರ್ಮದ ಕೆಳಗೆ ಸಣ್ಣ ಡಬ್ಬಿ ಹಾಗಿರೋದನ್ನ ಇಟ್ಟು ಅಲ್ಲಿಂದ ತೆಳು ಪೈಪಲ್ಲಿ ಬೆನ್ನುಹುರಿ ಸುತ್ತ ಇರೋ ನೀರಿಗೇ ಬ್ಯಾಕ್ಲೊಫೆನ್ ಬಿಡೋದು. ನೇರ ಅಲ್ಲಿಗೇ ಹೋಗೋದ್ರಿಂದ ಮೈಕ್ರೋಗ್ರಾಂ ಲೆಕ್ಕದ ಔಷಧಿ ಸಾಕು, ತೂಕಡಿಕೆ ಕಮ್ಮಿ. ಮೊದಲು ಬೆನ್ನಿಗೆ 50 ಮೈಕ್ರೋಗ್ರಾಂ ಚುಚ್ಚಿ ಹಿಡೀತದಾ ಇಲ್ವಾ ಅಂತ ನೋಡ್ತಾರಂತೆ. ಎರಡೂ ಕಾಲು ಸೆಟೆದೋರಿಗೆ, ಬೆನ್ನುಮೂಳೆ ಏಟಾದೋರಿಗೆ ಅದು ಒಳ್ಳೇದು. ಆದ್ರೆ ಲಕ್ಷಗಟ್ಟಲೆ ದುಡ್ಡು, ಕೆಲವು ತಿಂಗಳಿಗೊಮ್ಮೆ ಹೋಗಿ ಔಷಧಿ ತುಂಬಿಸಬೇಕು, ಐದಾರು ಏಳು ವರ್ಷಕ್ಕೆ ಬ್ಯಾಟರಿ ಮುಗಿದ್ರೆ ಪಂಪೇ ಬದಲಿಸಬೇಕು. ಆ ಇರುವೆ ಸಾಲು ನೆನಪಾಗಿ, ಮಳೇಲಿ ತುಂಬಿಸೋಕೆ ಆಗದೆ ಹೋದ್ರೆ ಅಂತ ಕೇಳಿದೆ. ಮಾತ್ರೆಗಿಂತ ಅಪಾಯ, ತಾರೀಖು ತಪ್ಪಿಸೋ ಹಾಗೇ ಇಲ್ಲ ಅಂದ್ರು. ಇನ್ನೊಂದು, ಬೆನ್ನುಹುರಿಗೆ ಒಳಬರೋ ನರದ ಎಳೆಗಳನ್ನ ಆರಿಸಿ ಕತ್ತರಿಸೋದು, ಅದು ಹೆಚ್ಚಾಗಿ ಸೆರೆಬ್ರಲ್ ಪಾಲ್ಸಿ (ಹುಟ್ಟೋ ಹೊತ್ತಿಗೇ ಮೆದುಳಿಗೆ ಏಟಾಗಿ ಕೈಕಾಲು ಸೆಟೆಯೋದು) ಇರೋ ಮಕ್ಕಳಿಗೆ. ಮತ್ತೊಂದು, ಮಂಡಿ ಹಿಂದಿನ ನರದಿಂದ ಮೀನಖಂಡಕ್ಕೆ ಹೋಗೋ ಸಣ್ಣ ಕವಲುಗಳಲ್ಲಿ ಸ್ವಲ್ಪ ಭಾಗ ಮಾತ್ರ ಕತ್ತರಿಸೋದು, ಟೆಂಡನ್ ಗಿಡ್ಡ ಆಗದೇ ಇರೋರಿಗೆ ಅದು ಚೆನ್ನಾಗಿ ಆಗ್ತದಂತೆ. ನನ್ನ ಕೇಸಲ್ಲಿ ಟೆಂಡನ್ ಕೆಲಸಾನೇ ಆಗಬೇಕು.

ಮೂರು ಕೆಲಸ. ಹಿಮ್ಮಡಿ ಮೇಲಿರೋ ದಪ್ಪ ಟೆಂಡನ್‌ಗೆ ಮೂರು ಕಡೆ ಸಣ್ಣಗೆ ಗೀರಿ, ಅರ್ಧರ್ಧ ಅಗಲ ಮಾತ್ರ, ಪಾದ ಮೇಲಕ್ಕೆ ಒತ್ತಿದಾಗ ಅದೇ ಜಾರಿ ಉದ್ದ ಆಗ್ತದೆ. ಬೆರಳು ಮಡಚೋ ಟೆಂಡನ್ ಬಿಡಿಸೋದು. ಮೂರನೇದು ನನಗೆ ಭಾರೀ ಹಿಡಿಸ್ತು. ಮೊಳಕಾಲಿನ ಮುಂದುಗಡೆಯಿಂದ ಇಳಿದು ಪಾದದ ಒಳಮಗ್ಗುಲಿಗೆ ಕಟ್ಕೊಂಡಿರೋ ಒಂದು ಟೆಂಡನ್ ಇದೆ, ಅದು ಎಳೆದಾಗೆಲ್ಲ ಪಾದ ಒಳಕ್ಕೆ ತಿರುಗೋದು. ಅದನ್ನ ಉದ್ದಕ್ಕೆ ಎರಡು ಸೀಳು ಮಾಡಿ, ಒಂದು ಸೀಳು ಅಲ್ಲೇ ಬಿಟ್ಟು, ಇನ್ನೊಂದನ್ನ ಚರ್ಮದ ಕೆಳಗೇ ತೂರಿಸಿ ಪಾದದ ಹೊರಮಗ್ಗುಲಿನ ಮೂಳೆಗೆ ತೂತು ಮಾಡಿ ಕೂರಿಸೋದು. ಡಾಕ್ಟ್ರು ಚಿತ್ರ ಬರೆದು ತೋರಿಸ್ತಿದ್ರು, ನಾನು ಅಂದೆ, ಲಂಗದ ಲಾಡಿ ಹಾಗಲ್ವಾ ಸಾರ್, ಒಂದೇ ತುದಿ ಎಳೆದ್ರೆ ನೆರಿಗೆ ಒಂದೇ ಕಡೆ ಸೇರ್ತದೆ, ಎರಡೂ ತುದಿ ಸಮ ಎಳೆದ್ರೆ ಸಮ. ಅವರು ಪೆನ್ನು ಕೆಳಗಿಟ್ಟು ನಕ್ಕು, ಇನ್ನು ಮುಂದೆ ಎಲ್ಲರಿಗೂ ಹೀಗೇ ಹೇಳ್ತೀನಿ ಅಂದ್ರು.

ತಾರೀಖು ನವೆಂಬರ್‌ಗೆ ಕೊಟ್ರು. ಅಡಿಕೆ ಕೊಯ್ಲು ಶುರುವಾಗೋ ಹೊತ್ತು, ಮರ ಹತ್ತಿ ಗೊನೆ ಇಳಿಸೋ ಕೊನೆಗೌಡ ಸಿಕ್ಕಿದ ದಿನ ಕೊಯ್ಯಿಸಬೇಕು, ಸುಲಿಯೋ ಜನ, ಬೇಯಿಸೋ ಹಂಡೆ, ಮನೆ ಸಂತೆ. ಮುಂದಕ್ಕೆ ಹಾಕೋಣ ಅಂದ್ರು ಇವರು. ಮಳೆಗಾಲಕ್ಕೆ ಹಾಕಿದ್ರೆ ಪ್ಲಾಸ್ಟರ್ ಒಣಗಿಸೋದು ಎಲ್ಲಿ, ಹಂಡೆ ಮೇಲಾ ಅಂತ ನಾನು. ಕೊನೆಗೆ ನಮ್ಮತ್ತೆನೇ "ಅಡಿಕೆ ಮರದಲ್ಲಿ ಎರಡು ದಿನ ಇದ್ರೆ ಎಂತ ಆಗಲ್ಲ, ಅವಳ ಕಾಲು ನೋಡಿ" ಅಂದು ಮಾತು ಮುಗಿಸಿದ್ರು. ರಕ್ತ ತೆಳು ಮಾಡೋ ಮಾತ್ರೆನ ಡಾಕ್ಟ್ರು ಹೇಳಿದ ದಿನದಿಂದ ನಿಲ್ಲಿಸಿದ್ವಿ (ನೀವಾಗೇ ನಿಲ್ಲಿಸಬೇಡಿ ಮತ್ತೆ, ಅದು ಇನ್ನೊಂದು ಸ್ಟ್ರೋಕಿಗೆ ದಾರಿ), ಬ್ಯಾಕ್ಲೊಫೆನ್ ಮಾತ್ರ ಆಪರೇಷನ್ ದಿನ ಬೆಳಿಗ್ಗೆನೂ ಒಂದು ಗುಟುಕು ನೀರಲ್ಲಿ ಕೊಟ್ರು.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದು, ಎಚ್ಚರ ಇತ್ತು. ಮುಂದೆ ಹಸಿರು ಪರದೆ. ಮೂಳೆಗೆ ತೂತು ಮಾಡೋ ಸದ್ದು ಮನೆಗೆ ಕರೆಂಟ್ ವೈರಿಂಗ್ ಮಾಡೋರ ಡ್ರಿಲ್ಲಿನ ಸದ್ದೇ, ಬೇರೆ ಏನಿಲ್ಲ. ನೋವಿಲ್ಲ, ಆದ್ರೆ ಎಳೆಯೋದು ಸೊಂಟದವರೆಗೆ ಗೊತ್ತಾಗ್ತಿತ್ತು. ಎರಡು ಗಂಟೆ ಚಿಲ್ಲರೆ.

ನೋವು ಶುರುವಾಗಿದ್ದು ರಾತ್ರಿ. ಕೊಯ್ದ ನೋವು ತಡೀಬಹುದು, ಪ್ಲಾಸ್ಟರ್ ಒಳಗೆ ಕಾಲು ಸೆಟೀತದಲ್ಲ ಅದು ಬೇಡ. ಅಲ್ಲಾಡೋಕೆ ಜಾಗ ಇಲ್ಲ, ಕಾಲಿಗೆ ಅದು ಗೊತ್ತಿಲ್ಲ. ಅದಕ್ಕೆ ಬೇರೆ ಮಾತ್ರೆ ಕೊಟ್ಟ ಮೇಲೆ ನಿದ್ದೆ ಬಂತು. ಎರಡನೇ ದಿನದಿಂದ ಹಿಮ್ಮಡಿಲಿ ಒಂದು ಕಡೆ ಮೆಣಸಿನಪುಡಿ ಹಚ್ಚಿದ ಹಾಗೆ ಉರಿ. ವಾರ್ಡಲ್ಲಿ ಹೇಳಿದೆ, ಪ್ಲಾಸ್ಟರ್ ಅಂದ್ಮೇಲೆ ಅಷ್ಟಿರ್ತದೆ ಅಂದ್ರು. ಮತ್ತೆ ಹೇಳಿದೆ, ಅದೇ ಮಾತು. ಮೂರನೇ ಸಲ ಹೇಳೋಕೆ ಸಂಕೋಚ ಆಗಿ ಸುಮ್ಮನಾದೆ, ತಪ್ಪು ಮಾಡಿದೆ. ಆಮೇಲೆ ಉರಿ ತಾನೇ ಹೋಯ್ತು, ವಾಸಿ ಆಯ್ತು ಅಂದ್ಕೊಂಡೆ. ಎರಡು ವಾರಕ್ಕೆ ಹೊಲಿಗೆ ಬಿಚ್ಚೋಕೆ ಪ್ಲಾಸ್ಟರ್ ತೆಗೆದ್ರೆ ಹಿಮ್ಮಡಿಲಿ ಎಂಟಾಣೆ ಅಗಲದ ಹುಣ್ಣು, ಒತ್ತಿ ಒತ್ತಿ ಚರ್ಮ ಸತ್ತಿತ್ತು. ಲಕ್ವ ಆದ ಕಾಲಿಗೆ ಸ್ಪರ್ಶ ಮೊದಲೇ ಕಮ್ಮಿ, ಅಂಥ ಕಾಲು ಉರೀತದೆ ಅಂದ್ರೆ ಕೇಳಬೇಕು. ಆಪರೇಷನ್ನಿನ ಗಾಯ ಬೇಗ ಒಣಗಿತು, ಈ ಹುಣ್ಣು ಎರಡು ತಿಂಗಳು ಸತಾಯಿಸ್ತು. ಆ ಜಾಗ ಬಿಟ್ಟು ಹೊಸ ಪ್ಲಾಸ್ಟರ್ ಹಾಕಿ, ಈಗ ಅದರ ಮೇಲೇ ಊರಿ ನಿಲ್ಲಬಹುದು ಅಂದ್ರು, ಒಟ್ಟು ಆರು ವಾರ.

ಆ ಆರು ವಾರ ಜಗಲಿ ಮೇಲೆ ಅಡಿಕೆ ಚೀಲಕ್ಕೆ ಕಾಲು ಆನಿಸಿ ಕೂತಿದ್ದೆ. ಎದುರಿಗೆ ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯೋರು, ರಾತ್ರಿ ಹನ್ನೊಂದರವರೆಗೂ ಕಥೆ, ಅಡಿಕೆ ಬೇಯಿಸಿದ ಚೊಗರಿನ ವಾಸನೆ. ಸುಲಿಯೋಕೆ ಎರಡು ಕೈ ಬೇಕು, ನನ್ನಿಂದ ಆಗಲ್ಲ, ಹಂಗಾಗಿ ಯಾರು ಎಷ್ಟು ಡಬ್ಬ ಅಂತ ಲೆಕ್ಕ ಬರೆಯೋ ಕೆಲಸ ನಂದು. ಪ್ಲಾಸ್ಟರ್ ನೋಡಿ ಒಬ್ಬಳು "ಅಕ್ಕಾ, ಇನ್ನು ಓಡಾಡೋಹಂಗಾದ್ರೆ ಅಂಗವಿಕಲರ ಪಿಂಚಣಿ ತೆಗೆದು ಬಿಡ್ತಾರಂತೆ ಹೌದಾ" ಅಂತ ಕೇಳಿದ್ಲು. ಕೈ ಹಾಗೇ ಇದೆಯಲ್ಲೇ ಅಂತ ತೋರಿಸಿದೆ, ಎಲ್ಲರೂ ನಕ್ರು.

ಪ್ಲಾಸ್ಟರ್ ಬಿಚ್ಚಿ ಪಾದ ನೆಟ್ಟಗೆ ಹಿಡಿಯೋ ಪ್ಲಾಸ್ಟಿಕ್ ಸ್ಪ್ಲಿಂಟ್ ಕೊಟ್ರು, ಹಗಲು ರಾತ್ರಿ ಹಾಕಬೇಕು, ಇಲ್ಲದಿದ್ರೆ ಹೊಸದಾಗಿ ಕೂಡಿದ ಟೆಂಡನ್ ಎಳೆದು ಹೋಗ್ತದೆ. ಒಂದು ದಿನ ಬೆಳಿಗ್ಗೆ ಸ್ಪ್ಲಿಂಟ್ ಬದಲಿಸೋ ಹೊತ್ತಲ್ಲಿ ಮಂಚದ ಮೇಲೆ ಕೂತು ಪಾದ ಕೆಳಗಿಟ್ಟೆ. ನಮ್ಮದು ಹಳೇ ಕೆಂಪು ಗಾರೆ ನೆಲ, ಧನುರ್ಮಾಸದ ಚಳಿಗೆ ಮಂಜು ಮಂಜು. ಮೊದಲು ಬೆರಳಿಗೆ ತಣ್ಣಗಾಯ್ತು, ಆಮೇಲೆ ಹಿಂದೆ, ಹಿಮ್ಮಡಿಗೂ. ಸ್ಪರ್ಶ ಅರ್ಧಂಬರ್ಧ, ಆದ್ರೂ ಗೊತ್ತಾಯ್ತು. ಕಾಲು ಕುಣಿಯುತ್ತೆ ಅಂತ ಮಂಡಿ ಮೇಲೆ ಕೈ ರೆಡಿ ಇಟ್ಟಿದ್ದೆ, ಕುಣೀಲಿಲ್ಲ. ಇವರನ್ನ ಕೂಗಿದೆ, ಬಿದ್ನೇನೋ ಅಂತ ಹಂಡೆ ಒಲೆ ಬಿಟ್ಟು ಓಡಿ ಬಂದ್ರು. ಎಂತ ಆಯ್ತು ಅಂದ್ರು. ನೆಲ ತಣ್ಣಗಿದೆ ಅಂದೆ.

ಆದ್ರೆ ಮುಂದಿನ ಮೂರು ತಿಂಗಳು ಮೊದಲಿಗಿಂತ ಕಷ್ಟಾನೇ ಇತ್ತು, ಇದನ್ನ ಯಾರೂ ಹೇಳಲ್ಲ. ಕಾಲು ನೆಟ್ಟಗಾಗಿತ್ತು, ಬಲ ಇಲ್ಲ. ಡಾಕ್ಟ್ರು ಹೇಳಿದ್ದೇ ಆಯ್ತು, ಬಿಗಿ ಹೋದ ಕಡೆ ಒಳಗಿನ ನಿಜ ಕಂಡಿತು. ಮೀನಖಂಡ ತಳ್ತಾನೇ ಇರಲಿಲ್ಲ, ಮಂಡಿ ನಡುನಡುವೆ ಮುಂದಕ್ಕೆ ಮುಗ್ಗರಿಸೋದು, ಟೆಂಡನ್ ಜಾಸ್ತಿ ಉದ್ದ ಮಾಡಿಬಿಟ್ರೇನೋ ಅಂತ ನನಗೆ ಹೆದರಿಕೆ, ಹಾಗೂ ಆಗೋದುಂಟಂತೆ. ಫಿಸಿಯೋದ ಹುಡುಗಿ ವಿಡಿಯೋ ಕಾಲಲ್ಲೇ "ಅಕ್ಕಾ, ಎಡಗಾಲಿಗೆ ಭಾರ ಕೊಡಿ, ಬಲಗಾಲಲ್ಲಿ ಕಳ್ಳತನ ಮಾಡಬೇಡಿ" ಅಂತ ದಿನಾ ಹದಿನೈದು ನಿಮಿಷ ನಿಲ್ಲಿಸೋಳು. ಶಿವರಾತ್ರಿ ದಾಟಿ ಯುಗಾದಿ ಹೊತ್ತಿಗೆ ಮಂಡಿ ನಂಬಿಕೆಗೆ ಬಂತು. ಸ್ಪ್ಲಿಂಟ್ ಹಗಲು ಬಿಟ್ಟಿದ್ದು ಆರನೇ ತಿಂಗಳಿಗೆ, ದೂರ ಹೋಗೋದಾದ್ರೆ ಈಗಲೂ ಹಾಕ್ತೀನಿ.

ಈಗ ಹೇಗಿದೆ ಅಂದ್ರೆ, ಕೋಲು ಹಿಡಿದು ತೋಟದ ಸಂಕದವರೆಗೆ ಹೋಗಿ ಬರ್ತೀನಿ, ಸಂಕ ದಾಟಲ್ಲ. ಚಳಿ ಜಾಸ್ತಿ ಆದ್ರೆ, ಜ್ವರ ಬಂದ್ರೆ, ಉಚ್ಚೆ ಕಟ್ಟಿದ್ರೆ ಕಾಲು ಮತ್ತೆ ಸೆಟೀತದೆ. ಒಂದು ಸಲ ಒಂದು ವಾರ ಕಾರಣ ಇಲ್ಲದೆ ಸೆಟೀತಿತ್ತು, ನೋಡಿದ್ರೆ ಹೆಬ್ಬೆರಳ ಉಗುರು ಒಳಕ್ಕೆ ಬೆಳೆದು ಚುಚ್ತಿತ್ತು, ಉಗುರು ತೆಗೆಸಿದ ಮೇಲೆ ಸರಿ ಹೋಯ್ತು. ಬ್ಯಾಕ್ಲೊಫೆನ್ ಅರ್ಧಕ್ಕೆ ಇಳಿಸಿದಾರೆ, ಮಧ್ಯಾಹ್ನ ತೂಕಡಿಸೋದು ನಿಂತಿದೆ, ಬಲಗಾಲಲ್ಲಿ ಮೋಟಾರ್ ಮಷಿನ್ ಒತ್ತಿ ನೇರ ಹೊಲಿಗೆಯ ಕೆಲಸ ಮಾಡ್ತೀನಿ, ದಿಂಬಿನ ಕವರ್ರು, ಲಂಗ. ಬಟ್ಟೆ ಹಿಡಿಯೋಕೆ ಎಡಗೈ ಬರಲ್ಲ, ಕಲ್ಲಿನ ಬಟ್ಟು ಇಟ್ಟು ಸುಧಾರಿಸ್ತೀನಿ. ಹವಾಯಿ ಚಪ್ಪಲಿ ಎಡಗಾಲಲ್ಲಿ ನಿಲ್ತದೆ, ಅಂಗಳದಲ್ಲಿ ಅಷ್ಟೇ, ಇಳಿಜಾರಲ್ಲಿ ಇಲ್ಲ.

ಎಡಗೈ ಮಾತ್ರ ಹಾಗೇ ಇದೆ, ಮುಷ್ಟಿ ಬಿಚ್ಚಲ್ಲ, ಉಗುರು ಅಂಗೈಗೆ ಒತ್ತಿ ವಾಸನೆ ಬರ್ತದೆ. ಅದಕ್ಕೂ ಟೆಂಡನ್ ಉದ್ದ ಮಾಡಬಹುದು, ಕೆಲಸಕ್ಕೆ ಬರಲ್ಲ ಆದ್ರೆ ತೊಳೆದು ಒರೆಸೋಕಾದ್ರೂ ಅಂಗೈ ಬಿಚ್ಚಿಕೊಳ್ತದೆ ಅಂದಿದಾರೆ ಡಾಕ್ಟ್ರು. ಈ ಸಲದ ಕೊಯ್ಲು ಮುಗೀಲಿ, ಬರ್ತೀವಿ ಅಂತ ಹೇಳಿ ಬಂದಿದೀವಿ.